ಸೊನೆಯಿಂದ ಗುರುತಾಗುವ ಬಳಗ

ಬೆಂಗಳೂರಿನ ದೊಡ್ಡ ದಿನಸಿ ಮಳಿಗೆಗಳ ಮಸಾಲೆ ಸಾಲಿನಲ್ಲಿ ಈಚಿನ ವರ್ಷಗಳಲ್ಲಿ ಕಾಣಿಸಿಕೊಳ್ಳತೊಡಗಿರುವ, ಕುಂಕುಮಕ್ಕಿಂತ ಮಬ್ಬಾಗಿಯೂ ನೇರಳೆಗಿಂತ ಕೆಂಪಾಗಿಯೂ ಇರುವ ತರಿತರಿಯಾದ ಪುಡಿಯೊಂದರ ಹೆಸರು ಸುಮಾಕ್. ಇರಾನ್, ತುರ್ಕಿ, ಲೆಬನಾನ್ ದೇಶಗಳ ಅಡುಗೆಯಲ್ಲಿ ಅದು ಮಾಡುವ ಕೆಲಸ ಕನ್ನಡ ನಾಡಿನ ಅಡುಗೆಯಲ್ಲಿ ಹುಣಸೆಹಣ್ಣು ಮಾಡುವ ಕೆಲಸವೇ: ಸುಟ್ಟ ಮಾಂಸಕ್ಕೋ ಹಸಿ ತರಕಾರಿಯ ಕೋಸಂಬರಿಗೋ ಉದುರಿಸಿದಾಗ ಹುಳಿಯನ್ನೂ ಸ್ವಲ್ಪ ಒಗರನ್ನೂ ಕೊಡುತ್ತದೆ. ಸಿರಿಯಾ ಕಡೆಯ ಹಳೆಯ ಅರಮೇಯಿಕ್ ಭಾಷೆಯಲ್ಲಿ ಕೆಂಪು ಎಂಬ ಅರ್ಥವಿದ್ದ ಪದವೊಂದು ಅರಬ್ಬಿಯ ಮೂಲಕ ಹಾದು ಯುರೋಪಿನ ಭಾಷೆಗಳಿಗೆ ಸೇರಿ ಸುಮಾಕ್ ಆಯಿತು. ರುಸ್ ಎಂಬ ಕುಲಕ್ಕೆ, ಅಂದರೆ ಒಂದೇ ಲಕ್ಷಣಗಳ ಹಲವು ಪ್ರಭೇದಗಳನ್ನು ಒಟ್ಟುಗೂಡಿಸಿದ ಗುಂಪಿಗೆ, ಸೇರಿದ ಆಳೆತ್ತರದ ಪೊದೆಯೊಂದರ ಹಣ್ಣಿನಿಂದ ಆಗುವುದು ಈ ಪುಡಿ. ಅದರ ಗೊಂಚಲು ಹಣ್ಣುಗಳು ಮೆಣಸಿನಕಾಳಿಗಿಂತ ಅಷ್ಟೇನೂ ದೊಡ್ಡವಲ್ಲ. ಹುಳಿಯಿರುವುದು ಗಟ್ಟಿ ಬೀಜದಲ್ಲಲ್ಲ, ಹಣ್ಣಿನ ಹೊರಮೈಯನ್ನು ಮುಚ್ಚಿಕೊಂಡಿರುವ ಕೆಂಪು ರೋಮಗಳಲ್ಲಿ ಮತ್ತು ಅವುಗಳ ಅಡಿಯ ತೆಳುವಾದ ತಿರುಳಿನಲ್ಲಿ. ಸೇಬಿಗೆ ಹುಳಿ ಕೊಡುವ ಮ್ಯಾಲಿಕ್ ಆಮ್ಲವೇ ಇಲ್ಲಿಯೂ ಮುಖ್ಯವಾದುದು. ಎಲೆಗಳಲ್ಲಿ ಟ್ಯಾನಿನ್ ಎಂಬ ಒಗರು ವಸ್ತು ಹೇರಳವಾಗಿರುವುದರಿಂದ ಮೆಡಿಟರೇನಿಯನ್ ತೀರದವರು ಶತಮಾನಗಳ ಕಾಲ ಅದರಿಂದ ಚರ್ಮ ಹದ ಮಾಡುತ್ತಿದ್ದರು. ಕರ್ನಾಟಕದ ಬಯಲುಸೀಮೆಯಲ್ಲಿ ತಂಗಡಿಯ ತೊಗಟೆಗೆ ಇದ್ದ ಬೆಲೆ ಅಲ್ಲಿ ಸುಮಾಕ್ ಎಲೆಗೆ ಇತ್ತು.

ಈ ಪುಡಿ ಪಶ್ಚಿಮ ಬೆಂಗಳೂರಿನ ಚಂದ್ರಾ ಲೇಔಟಿನ ಅಡುಗೆಮನೆಗೆ ಹೊಸ ಅತಿಥಿ ಇರಬಹುದು, ಆದರೆ ಅದರ ನೆಂಟರು ಆ ಬಡಾವಣೆಯಲ್ಲಿ ಮನೆಮನೆಗೂ ಒಕ್ಕಲಾಗಿದ್ದಾರೆ. ಬಾಗಿಲಿಗೆ ಕಟ್ಟುವ ತೋರಣದ ಮಾವಿನೆಲೆ, ಕಾಂಪೌಂಡಿನ ಮೂಲೆಯಲ್ಲಿ ಉಳಿಸಿಕೊಂಡ ಮಾವಿನ ಮರ, ಪಾಯಸಕ್ಕೆ ತುಪ್ಪದಲ್ಲಿ ಹುರಿದು ಹಾಕುವ ಗೋಡಂಬಿ, ಬರ್ಫಿಯ ಮೇಲಿನ ಪಿಸ್ತಾ, ಗೊಜ್ಜಿಗೂ ಉಪ್ಪಿನಕಾಯಿಗೂ ಒದಗುವ ಅಮಟೆಕಾಯಿ, ಇವೆಲ್ಲವೂ ಸುಮಾಕ್ ಸೇರಿರುವ ಅನಾಕಾರ್ಡಿಯೇಸಿ ಎಂಬ ಸಸ್ಯಕುಟುಂಬದವೇ. ಕನ್ನಡದಲ್ಲಿ ಗೇರು ಕುಟುಂಬ ಎನ್ನಬಹುದಾದ ಈ ಬಳಗದಲ್ಲಿ ಸುಮಾರು 80 ಕುಲಗಳೂ 800ಕ್ಕೂ ಹೆಚ್ಚು ಪ್ರಭೇದಗಳೂ ಇವೆ. ಹೊರನೋಟಕ್ಕೆ ಒಂದಕ್ಕೊಂದು ಸಂಬಂಧವೇ ಕಾಣದ ಇವುಗಳನ್ನು ಒಂದೇ ಮನೆತನದವೆಂದು ಹೇಳಲು ಸಸ್ಯಶಾಸ್ತ್ರಜ್ಞರು ಹೂವಿನ ದಳ, ಕೇಸರ, ಅಂಡಕಗಳನ್ನು ಎಣಿಸುತ್ತಾರೆ. ಹಳ್ಳಿಯವರಿಗೆ ಅಷ್ಟು ದೂರ ಹೋಗಬೇಕಾದ ಅಗತ್ಯವಿರಲಿಲ್ಲ, ಏಕೆಂದರೆ ಮನೆತನದ ಗುರುತು ಸೊನೆಯಲ್ಲಿಯೇ ಇದೆ.

ಸೊನೆ ಎಂದರೇನೆಂದು ತಿಳಿಯಲು ಏಪ್ರಿಲ್ ತಿಂಗಳ ಮಾವಿನಕಾಯಿ ಸಾಕು. ಬಲಿತ ಕಾಯಿಯೊಂದನ್ನು ತೊಟ್ಟಿನ ಬುಡದಲ್ಲಿ ಮುರಿದ ಕೂಡಲೇ ಅಲ್ಲಿಂದ ಒತ್ತಡದೊಡನೆ ಚಿಮ್ಮುವ ರಸ ಮೊದಲ ಕ್ಷಣಗಳಲ್ಲಿ ನೀರಿನಷ್ಟು ತೆಳುವಾಗಿದ್ದು ಮೂಗಿಗೆ ಹಸಿ ಮಾವಿನ ತೀಕ್ಷ್ಣ ಪರಿಮಳ ಬಡಿಸುತ್ತದೆ. ಆಮೇಲೆ ಹನಿ ಮಂದವಾಗುತ್ತ, ಅಂಟಾಗುತ್ತ, ಕಾಯಿಯ ಹೆಗಲ ಮೇಲೆ ಇಳಿದು ಒಣಗಿ, ಇಳಿದ ದಾರಿಯುದ್ದಕ್ಕೂ ಸಿಪ್ಪೆಯನ್ನು ಕಪ್ಪಾಗಿಸುತ್ತದೆ. ಈ ರಸವನ್ನು ಒಂದು ಗಾಜಿನ ನಳಿಗೆಯಲ್ಲಿ ಹಿಡಿದಿಟ್ಟರೆ ಎಣ್ಣೆಯಂಥದು ಮೇಲೂ ನೀರಿನಂಥದು ಕೆಳಗೂ ನಿಂತು ಎರಡು ಪದರಗಳಾಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಭಾರತದ ಹಲವು ಮಾವಿನ ತಳಿಗಳ ಸೊನೆಯನ್ನು ಹೀಗೆ ಬೇರ್ಪಡಿಸಿ ಪರೀಕ್ಷಿಸಿದ್ದಾರೆ. ಮೇಲಿನ ಪದರದಲ್ಲಿರುವುದು ಪರಿಮಳ ಕೊಡುವ ಟರ್ಪೀನ್ ಎಂಬ ತೈಲವಸ್ತುಗಳು, ಕೆಳಗಿನದರಲ್ಲಿ ಸಕ್ಕರೆಯ ಜಾತಿಯ ಅಂಟು ಮತ್ತು ಪ್ರೋಟೀನುಗಳು. ತೈಲಪದರ ಸಿಪ್ಪೆಯ ಸೂಕ್ಷ್ಮ ರಂಧ್ರಗಳಿಂದ ಒಳಗಿಳಿದು ಜೀವಕೋಶಗಳನ್ನು ಕೆಡಿಸಿದಾಗ ಅಲ್ಲಿಯ ಕಿಣ್ವಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಸಿಪ್ಪೆಯನ್ನು ಕಪ್ಪಾಗಿಸುತ್ತವೆ. ಮಂಡಿಯ ವ್ಯಾಪಾರಿಗಳು ಬೆಲೆ ಇಳಿಸಲು ತೋರಿಸುವ ಕಪ್ಪು ಗೀರು ಇದೇ. ಎಚ್ಚರದ ತೋಟಗಾರರು ಕಾಯಿಯನ್ನು ಗೇಣುದ್ದ ಕಡ್ಡಿಯೊಡನೆ ಕೊಯ್ದು, ಆಮೇಲೆ ತೊಟ್ಟು ಕತ್ತರಿಸಿ, ತಲೆಕೆಳಗಾಗಿ ನಿಲ್ಲಿಸಿ ಸೊನೆ ಬಸಿಯುವುದು ಇದಕ್ಕಾಗಿ.

ಮಲೆನಾಡಿನಲ್ಲಿ ಇದೇ ಸೊನೆಗೆ ತದ್ವಿರುದ್ಧವಾದ ಗೌರವವಿದೆ. ಸಾಗರ, ಸಿರಸಿ, ಹೊಸನಗರಗಳ ಹೊಳೆದಂಡೆಯ ಅಪ್ಪೆಮಿಡಿಯನ್ನು ಉಪ್ಪಿನಕಾಯಿಗೆ ಕೊಯ್ಯುವವರು ತೊಟ್ಟು ಕಳಚದಂತೆ, ಮಿಡಿ ನೆಲಕ್ಕೆ ಬೀಳದಂತೆ ಇಳಿಸುತ್ತಾರೆ, ಏಕೆಂದರೆ ಸೊನೆ ಸೋರಿಹೋದ ಮಿಡಿಗೆ ಪರಿಮಳವೂ ಇಲ್ಲ, ವರ್ಷಗಟ್ಟಲೆ ಕೆಡದೆ ಉಳಿಯುವ ಕಸುವೂ ಇಲ್ಲ ಎಂಬುದು ಅಲ್ಲಿಯ ಅನುಭವ. ಜೀರಿಗೆಯ ವಾಸನೆಯ ಅಪ್ಪೆ, ಕರ್ಪೂರದ ವಾಸನೆಯ ಅಪ್ಪೆ ಎಂದು ಮರಗಳನ್ನು ಬೇರೆಬೇರೆಯಾಗಿ ಗುರುತಿಸುವುದು ಕಾಯಿಯ ಆಕಾರಕ್ಕಿಂತ ಹೆಚ್ಚಾಗಿ ಸೊನೆಯ ಗಂಧದಿಂದ.

ಮರದ ದೃಷ್ಟಿಯಿಂದ ನೋಡಿದರೆ ಸೊನೆ ಪರಿಮಳದ್ರವ್ಯವೂ ಅಲ್ಲ, ಕಲೆಯೂ ಅಲ್ಲ, ಅದು ಕಾವಲು. ತೊಗಟೆ, ಎಲೆಯ ನರ, ಕಾಯಿಯ ಸಿಪ್ಪೆಗಳಲ್ಲಿ ರಾಳನಾಳಗಳು ಎಂಬ ಸಣ್ಣ ಕೊಳವೆಗಳು ಹಬ್ಬಿದ್ದು, ಹುಳುವೋ ಉಗುರೋ ಕತ್ತಿಯೋ ತಾಗಿದ ಕಡೆ ಅವು ತೆರೆದು ರಸ ಸುರಿಸುತ್ತವೆ. ಬಳಗದ ಎಲ್ಲ ಸದಸ್ಯರಲ್ಲೂ ಈ ನಾಳಗಳಿವೆ. ಅವುಗಳಲ್ಲಿ ಹರಿಯುವ ರಸದ ಉಗ್ರತೆ ಮಾತ್ರ ಬೇರೆಬೇರೆ. ಮಾವಿನ ಸೊನೆ ಮಕ್ಕಳ ಬಾಯಂಚಿನಲ್ಲಿ ಹುಣ್ಣೆಬ್ಬಿಸಿ ಬಿಟ್ಟುಬಿಡುವ ಮೃದು ಸ್ವಭಾವದ್ದು. ಆ ಹುಣ್ಣಿಗೆ ಮಾವಿನಹಣ್ಣಿನ ಉಷ್ಣ ಕಾರಣವೆಂದು ಹೇಳಿ ಹಣ್ಣನ್ನು ಗಂಟೆಗಟ್ಟಲೆ ನೀರಿನಲ್ಲಿ ಮುಳುಗಿಸಿಡುವ ಪದ್ಧತಿ ಬೆಂಗಳೂರಿನ ಮನೆಗಳಲ್ಲಿ ವ್ಯಾಪಕವಾಗಿದೆ. ಪದ್ಧತಿ ಒಳ್ಳೆಯದೇ, ಆದರೆ ಕೊಟ್ಟ ಕಾರಣದಿಂದಲ್ಲ. ತುಟಿ ಉರಿಸುವುದು ಹಣ್ಣಿನ ಒಳಗಿನ ಶಾಖವಲ್ಲ, ತೊಟ್ಟಿನ ಸುತ್ತ ಮತ್ತು ಸಿಪ್ಪೆಯಲ್ಲಿ ಉಳಿದ ಸೊನೆ; ನೀರು ಒಣಗಿದ ಅಂಟನ್ನು ಸಡಿಲಿಸುತ್ತದೆ, ಆದರೆ ತೈಲಾಂಶ ಬರಿಯ ನೀರಿಗೆ ಕರಗುವುದಿಲ್ಲವಾದ್ದರಿಂದ ತೊಟ್ಟಿನ ಭಾಗವನ್ನು ಚೆನ್ನಾಗಿ ಉಜ್ಜಿ ತೊಳೆದು, ದಪ್ಪಗೆ ಕತ್ತರಿಸಿ ಬಿಸಾಡುವುದೇ ನಿಜವಾದ ಉಪಾಯ. ಸೂಕ್ಷ್ಮ ಚರ್ಮದವರು ರಸಪುರಿಯನ್ನು ಸಿಪ್ಪೆ ಕಚ್ಚಿ ಹೀರುವ ಸುಖವನ್ನು ಬಿಡಬೇಕಾಗುತ್ತದೆ ಎನ್ನುವುದು ವಿಷಾದದ ಸಂಗತಿ.

ಬಳಗದ ಉಗ್ರ ಸದಸ್ಯರ ವಿಷಯದಲ್ಲಿ ಸುಮಾಕ್ ಎಂಬ ಹೆಸರೇ ಒಂದು ಗೊಂದಲಕ್ಕೆ ಕಾರಣವಾಗಿದೆ. ಉತ್ತರ ಅಮೆರಿಕದಲ್ಲಿ ವಿಷದ ಸುಮಾಕ್ ಎಂದು ಕರೆಯುವ, ಮುಟ್ಟಿದರೆ ಮೈಯೆಲ್ಲ ಬೊಕ್ಕೆಯೇಳಿಸುವ ಗಿಡವೊಂದಿದೆ. ಅಡುಗೆಯ ಸುಮಾಕಿಗೂ ಅದಕ್ಕೂ ಹೆಸರಿನ ನಂಟಿರುವುದರಿಂದ ಪುಡಿಯ ಸೀಸೆಯನ್ನು ಕಂಡು ಹೆದರುವವರೂ ಇದ್ದಾರೆ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಕಾರ್ಲ್ ಲಿನ್ನೇಯಸ್ 1753ರಲ್ಲಿ ಇವೆರಡನ್ನೂ ರುಸ್ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದನು. ಆದರೆ ಚರ್ಮ ಸುಡುವ ಪ್ರಭೇದಗಳ ಹಣ್ಣು ಬೂದಿಬಿಳುಪು ಬಣ್ಣದ್ದು, ಗೊಂಚಲು ಎಲೆಯ ಕಂಕುಳಿನಿಂದ ಜೋಲುವಂಥದು. ಅಡುಗೆಗೆ ಒದಗುವವುಗಳ ಹಣ್ಣು ಕೆಂಪು ರೋಮದ್ದು, ಗೊಂಚಲು ಕೊಂಬೆಯ ತುದಿಯಲ್ಲಿ ನೆಟ್ಟಗೆ ನಿಲ್ಲುವಂಥದು. ಈ ವ್ಯತ್ಯಾಸಗಳನ್ನು ಹಿಡಿದು ವಿಷದವುಗಳನ್ನು ಟಾಕ್ಸಿಕೋಡೆಂಡ್ರಾನ್, ಎಂದರೆ ವಿಷವೃಕ್ಷ, ಎಂಬ ಬೇರೆ ಕುಲಕ್ಕೆ ಕಳಿಸಲಾಗಿದೆ.

ವಿಷವೃಕ್ಷಗಳಲ್ಲಿ ಒಂದಾದ ಜಪಾನಿನ ಮೆರುಗೆಣ್ಣೆ ಮರದ ಸೊನೆಗೆ ಅಲ್ಲಿಯ ಭಾಷೆಯಲ್ಲಿ ಉರುಷಿ ಎಂದು ಹೆಸರು. ಅದರಲ್ಲಿರುವ ಚರ್ಮ ಸುಡುವ ವಸ್ತುವಿಗೆ ರಸಾಯನಶಾಸ್ತ್ರದಲ್ಲಿ ಉರುಷಿಯಾಲ್ ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಮರದ ಬಟ್ಟಲು, ಪೆಟ್ಟಿಗೆಗಳಿಗೆ ಪದರಪದರವಾಗಿ ಬಳಿದ ಈ ಸೊನೆ ಬಿಸಿಲಿನಲ್ಲಿ ಒಣಗುವುದಿಲ್ಲ. ಬೆಚ್ಚಗಿನ, ತೇವದ ಕೋಣೆಯಲ್ಲಿಟ್ಟರೆ ಮಾತ್ರ ಅದರೊಳಗಿನ ಕಿಣ್ವ ಚುರುಕಾಗಿ ಅದನ್ನು ಗಾಜಿನಷ್ಟು ಗಟ್ಟಿ ಮಾಡುತ್ತದೆ. ಚಂದ್ರಾ ಲೇಔಟಿನಿಂದ ನಾಯಂಡಹಳ್ಳಿ ದಾಟಿ ಮೈಸೂರು ರಸ್ತೆ ಹಿಡಿದರೆ ಸಿಗುವ ಚನ್ನಪಟ್ಟಣದ ಗೊಂಬೆಗಳ ಹೊಳಪನ್ನೂ ಇದೇ ಬಗೆಯ ಮೆರುಗೆಂದು ಕೆಲವರು ತಿಳಿಯುವುದುಂಟು. ಅದು ತಪ್ಪು: ಚನ್ನಪಟ್ಟಣದವರು ಕಡೆಯುವುದು ಆಲೆ ಮರವನ್ನು, ಒತ್ತಿ ಹಚ್ಚುವುದು ಅರಗನ್ನು, ಮತ್ತು ಅರಗು ಮರದ ಸೊನೆಯಲ್ಲ, ಕೀಟವೊಂದು ತನ್ನ ಮೈಮೇಲೆ ಸುರಿಸಿಕೊಳ್ಳುವ ರಾಳ. ಗೊಂಬೆ ಬಾಯಿಗಿಟ್ಟುಕೊಳ್ಳುವ ಮಗುವಿಗೆ ಉರುಷಿಯಾಲಿನ ಭಯವಿಲ್ಲ.

ಉರುಷಿಯಾಲ್ ಚರ್ಮವನ್ನು ಆಮ್ಲದಂತೆ ಸುಡುವುದಿಲ್ಲ. ಮೈಗೆ ತಾಗಿದ ಈ ಎಣ್ಣೆ ಚರ್ಮದೊಳಗೆ ಇಳಿದು, ರೂಪ ಬದಲಿಸಿ, ಅಲ್ಲಿಯ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ತನ್ನದೇ ಪ್ರೋಟೀನು ಈಗ ಪರಕೀಯವಾಗಿ ಕಾಣುವುದರಿಂದ ದೇಹದ ರಕ್ಷಣಾವ್ಯವಸ್ಥೆ ಅದರ ಮೇಲೆ ಏರಿಹೋಗುತ್ತದೆ. ಮೊದಲ ಸಲ ತಾಗಿದಾಗ ಹೆಚ್ಚಿನವರಿಗೆ ಏನೂ ಆಗದಿರುವುದು, ಮುಂದಿನ ಸಲ ತಾಗಿದ ಮೇಲೆ ಒಂದೆರಡು ದಿನ ಬಿಟ್ಟು ತುರಿಕೆ, ಬೊಕ್ಕೆ ಏಳುವುದು ಇದರಿಂದಲೇ. ಇದೇ ಜಾತಿಯ ಎಣ್ಣೆಗಳು ಕರ್ನಾಟಕದ ಮೂರು ಮರಗಳಲ್ಲಿವೆ: ಕರಿಗೇರು, ಹೊಳಗೇರು, ಮತ್ತು ಕರಾವಳಿಯ ಗುಡ್ಡಗಳನ್ನೆಲ್ಲ ಆವರಿಸಿರುವ ಗೇರು ಅಥವಾ ಗೋಡಂಬಿ. ಮೂರರ ಹೆಸರಿನಲ್ಲೂ ಗೇರು ಇರುವುದು ಆಕಸ್ಮಿಕವಲ್ಲ. ಬಳಗದ ಕನ್ನಡ ಚರಿತ್ರೆಯ ತಿರುಳಿರುವುದು ಈ ಒಂದು ಪದದಲ್ಲಿ.

ಇಂದು ಗೇರು ಎಂದರೆ ಎಲ್ಲರಿಗೂ ನೆನಪಾಗುವುದು ಗೋಡಂಬಿಯ ಮರ. ಆದರೆ ಅದು ಬ್ರೆಜಿಲ್ಲಿನ ಮೂಲದ್ದು, ಪೋರ್ಚುಗೀಸರು 16ನೆಯ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ತಂದದ್ದು. ಗೇರು ಎಂಬ ಪದವಾದರೋ ಅದಕ್ಕಿಂತ ಬಹಳ ಹಳೆಯದು. ಕನ್ನಡದಲ್ಲಿ ಕೇರು ಎಂಬ ರೂಪವೂ ಇದ್ದು, ಮಲಯಾಳದಲ್ಲಿ ಚೇರು ಎಂದಿದೆ. ಕನ್ನಡದ ಕಿವಿ ತಮಿಳಿನಲ್ಲಿ ಚೆವಿ ಆಗುವ ಹಾಗೆಯೇ ಕೇರು ನೆರೆಭಾಷೆಯಲ್ಲಿ ಚೇರು ಆಗುತ್ತದೆ. ಇಂಥ ನಿಯಮಬದ್ಧ ಧ್ವನಿವ್ಯತ್ಯಾಸ ಕಾಣುವುದು ದ್ರಾವಿಡ ಭಾಷೆಗಳು ಬೇರೆಯಾಗುವ ಮೊದಲೇ ಅವುಗಳಲ್ಲಿದ್ದ ಪದಗಳಲ್ಲಿ. ಪೋರ್ಚುಗೀಸರ ಹಡಗಿಗಿಂತ ಎಷ್ಟೋ ಮೊದಲೇ ಗೇರು ಎಂಬ ಮರವೊಂದು ಇತ್ತು ಎಂದಾಯಿತು, ಮತ್ತು ಅದು ಕರಿಗೇರು, ಸಂಸ್ಕೃತದ ಭಲ್ಲಾತಕ. 1894ರಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟು ಗೇರು ಎಂಬ ಪದಕ್ಕೆ ಕೊಡುವ ಅರ್ಥ ಈ ಮರವೇ.

ಕರಿಗೇರಿನ ಕಾಯಿಯನ್ನು ಹತ್ತಿರದಿಂದ ನೋಡಿದವರಿಗೆ ಹೆಸರು ಏಕೆ ದಾಟಿಹೋಯಿತೆಂಬುದು ತಾನಾಗಿ ತಿಳಿಯುತ್ತದೆ. ಕಪ್ಪಗೆ ಹೊಳೆಯುವ, ಒಂದು ಬದಿ ಓರೆಯಾದ, ಹೃದಯದ ಆಕಾರದ ಚಪ್ಪಟೆ ಕಾಯಿ. ಅದು ಕುಳಿತಿರುವುದು ಕಿತ್ತಳೆ ಬಣ್ಣದ, ಮೆತ್ತಗಿನ, ತಿನ್ನಲು ಬರುವ ದಿಂಡಿನ ಮೇಲೆ. ದಿಂಡು ನಿಜವಾದ ಹಣ್ಣಲ್ಲ, ಹೂವಿನ ಬುಡ ಉಬ್ಬಿ ಆದದ್ದು. ಬ್ರೆಜಿಲ್ಲಿನಿಂದ ಬಂದ ಮರದಲ್ಲೂ ಇದೇ ಏರ್ಪಾಡು: ಹಳದಿ ಅಥವಾ ಕೆಂಪು ಬಣ್ಣದ ರಸಭರಿತ ಉಬ್ಬು ಮೇಲೆ, ಅದರ ಕೆಳಗೆ ತೂಗುವ ಬೀಜ, ಬೀಜದ ಓಡಿನಲ್ಲಿ ಮುಟ್ಟಿದರೆ ಸುಡುವ ಎಣ್ಣೆ, ಓಡಿನೊಳಗೆ ತಿನ್ನಬಹುದಾದ ತಿರುಳು. ಕರಾವಳಿಯ ಕನ್ನಡಿಗರು ಹೊಸ ಮರದಲ್ಲಿ ತಮ್ಮ ಹಳೆಯ ಗೇರನ್ನೇ ಕಂಡರು. ಮಲಯಾಳಿಗಳು ಅದರಲ್ಲಿ ಮಾವನ್ನು ಕಂಡು ಪರಂಗಿಮಾವು ಎಂದರು. ಎರಡೂ ಗುಂಪಿನವರಿಗೆ ಕೂದಲೆಳೆಯಷ್ಟೂ ತಪ್ಪಾಗಿರಲಿಲ್ಲ, ಏಕೆಂದರೆ ಮೂರು ಮರಗಳೂ ಒಂದೇ ಕುಟುಂಬದವೆಂದು ಶಾಸ್ತ್ರವೂ ಹೇಳುತ್ತದೆ. ಬೆಂಗಳೂರಿನವರು ಬಳಸುವ ಗೋಡಂಬಿ ಎಂಬ ಪದದ ಕಥೆಯೂ ಇದೇ: ಮರಾಠಿಯಲ್ಲಿ ಗೋಡಂಬಿ ಎಂದರೆ ಈಗಲೂ ಬಿಬ್ಬಾ ಎಂಬ ಮರದ ಬೀಜದ ತಿರುಳು, ಮತ್ತು ಬಿಬ್ಬಾ ಎಂದರೆ ಕರಿಗೇರು. ಹೊಸಬನು ಹಳಬನ ಎರಡೂ ಹೆಸರುಗಳನ್ನು ತೆಗೆದುಕೊಂಡು ಹಳಬನಿಗೆ ಕರಿ ಎಂಬ ವಿಶೇಷಣ ಅಂಟಿಸಿದನು.

ಕುತೂಹಲದ ಸಂಗತಿಯೆಂದರೆ ಲ್ಯಾಟಿನಿನಲ್ಲೂ ಇದೇ ನಡೆಯಿತು. ಯುರೋಪಿನ ಮಧ್ಯಯುಗದ ವೈದ್ಯರು ಅನಾಕಾರ್ಡಿಯಂ, ಅಂದರೆ ಹೃದಯವನ್ನು ಹೋಲುವುದು, ಎಂದು ಕರೆಯುತ್ತಿದ್ದುದು ಪೂರ್ವದೇಶದಿಂದ ಬರುತ್ತಿದ್ದ ಕರಿಗೇರಿನ ಕಾಯಿಯನ್ನು. ಲಿನ್ನೇಯಸ್ ಆ ಹೆಸರನ್ನು 1753ರಲ್ಲಿ ಗೋಡಂಬಿಗೆ ಕೊಟ್ಟು, ಪಶ್ಚಿಮದ್ದು ಎಂಬ ಅರ್ಥದ ಆಕ್ಸಿಡೆಂಟೇಲ್ ಎಂಬ ವಿಶೇಷಣ ಸೇರಿಸಿದನು. ಹೆಸರು ಕಳೆದುಕೊಂಡ ಕರಿಗೇರಿಗೆ ಅವನ ಮಗ ಸೆಮೆಕಾರ್ಪಸ್, ಎಂದರೆ ಗುರುತು ಹಾಕುವ ಕಾಯಿ, ಎಂಬ ಹೊಸ ಕುಲನಾಮ ಇಟ್ಟನು. ಹಳೆಯ ಹೆಸರು ಅನಾಕಾರ್ಡಿಯಂ ಎಂದೇ ಅದರ ಪ್ರಭೇದನಾಮವಾಗಿ ಉಳಿಯಿತು. ಹೋಮಿಯೋಪಥಿ ಅಂಗಡಿಗಳಲ್ಲಿ ಇಂದಿಗೂ ಮಾರುವ ಅನಾಕಾರ್ಡಿಯಂ ಓರಿಯೆಂಟೇಲ್ ಎಂಬ ಸೀಸೆಯ ಮೂಲದ್ರವ್ಯ ಗೋಡಂಬಿಯದಲ್ಲ, ಕರಿಗೇರಿನದು. ದೂರದೂರದ ಎರಡು ಭಾಷೆಗಳು ತಮ್ಮತಮ್ಮ ಹೆಸರನ್ನು ಒಂದೇ ಮರದಿಂದ ಕಿತ್ತು ಮತ್ತೊಂದೇ ಮರಕ್ಕೆ ಕೊಟ್ಟ ಇಂಥ ಉದಾಹರಣೆ ಸಸ್ಯನಾಮಗಳ ಚರಿತ್ರೆಯಲ್ಲಿ ಅಪರೂಪ.

ಗುರುತು ಹಾಕುವ ಕಾಯಿ ಎಂಬುದು ಅಲಂಕಾರದ ಮಾತಲ್ಲ. ಅಗಸರು ಕಾಯಿಯ ಓಡಿಗೆ ಸೂಜಿಯನ್ನೋ ಕಡ್ಡಿಯನ್ನೋ ಚುಚ್ಚಿ ಒಳಗಿನ ಕಪ್ಪು ರಸವನ್ನು ತೆಗೆದು, ಬಟ್ಟೆಯ ಅಂಚಿನಲ್ಲೋ ಕಾಲರಿನ ಹಿಂದೆಯೋ ಚುಕ್ಕಿ, ಗೆರೆ, ಗುಣಾಕಾರದ ಚಿಹ್ನೆಗಳನ್ನು ಬರೆದು, ಮೇಲೆ ಸುಣ್ಣ ತಾಗಿಸುತ್ತಿದ್ದರು. ಸುಣ್ಣದಿಂದ ಬಣ್ಣ ನೂಲಿಗೆ ಕಚ್ಚಿಕೊಳ್ಳುತ್ತಿತ್ತು, ಆಮೇಲೆ ಉಬ್ಬೆಗೆ ಹಾಕಿ ಬೇಯಿಸಿದರೂ, ಕಲ್ಲಿಗೆ ಬಡಿದರೂ, ಬಟ್ಟೆ ಹರಿಯುವವರೆಗೂ ಗುರುತು ಅಳಿಯುತ್ತಿರಲಿಲ್ಲ. ಒಂದೊಂದು ಮನೆಗೆ ಒಂದೊಂದು ಚಿಹ್ನೆ; ಅಕ್ಷರ ಕಲಿಯದವರೂ ನೂರಾರು ಮನೆಗಳ ಬಟ್ಟೆಯನ್ನು ಬೆರೆಸಿ ಒಗೆದು ಮತ್ತೆ ಬೇರೆ ಮಾಡಬಲ್ಲ ಲೆಕ್ಕಪುಸ್ತಕ ಅದು. ಈ ಗುರುತು ಸೂಕ್ಷ್ಮ ಚರ್ಮದವರ ಕತ್ತಿಗೆ ತಾಗಿ ತುರಿಕೆ ಎಬ್ಬಿಸುವುದೂ ಇತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದ ಅಮೆರಿಕದ ಸೈನಿಕರ ಕುತ್ತಿಗೆ, ಸೊಂಟಗಳಲ್ಲಿ ಕಾಣಿಸಿಕೊಂಡ ವಿಚಿತ್ರ ಬೊಕ್ಕೆಗಳಿಗೆ ಕಾರಣ ದೋಬಿಯ ಗುರುತೆಂದು ಅವರ ವೈದ್ಯರು ಕಂಡುಹಿಡಿದು 1943ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ತಮ್ಮ ದೇಶದ ವಿಷದ ಸುಮಾಕ್ ಜಾತಿಯ ಗಿಡಗಳು ಎಬ್ಬಿಸುವ ಬೊಕ್ಕೆಗಳನ್ನು ಚೆನ್ನಾಗಿ ಬಲ್ಲ ಅವರಿಗೆ ಅದೇ ಬಳಗದ ಭಾರತೀಯ ಮರವೊಂದು ಅಂಗಿಯ ಒಳಗೆ ಅಡಗಿದ್ದುದು ಹೊಸ ಪಾಠವಾಗಿದ್ದೀತು. ಚಂದ್ರಾ ಲೇಔಟಿನ ಇಸ್ತ್ರಿ ಗಾಡಿಗಳಲ್ಲಿ ಈಗ ಬಟ್ಟೆ ಒಗೆಯುವುದಿಲ್ಲ, ಮಡಿಕೆಯೊಡನೆ ಚೀಟಿ ಇಡುವುದೋ ಮಾರ್ಕರ್ ಪೆನ್ನಿನಿಂದ ಮನೆಯ ನಂಬರು ಬರೆಯುವುದೋ ಆಗಿ ಹೋಗಿರುವುದರಿಂದ ಕರಿಗೇರು ಕಾಣಸಿಗುವುದು ಗ್ರಂಧಿಗೆ ಅಂಗಡಿಯಲ್ಲಿ ಮಾತ್ರ. ಆಯುರ್ವೇದದಲ್ಲಿ ಅದಕ್ಕೆ ದೊಡ್ಡ ಸ್ಥಾನವಿದೆ, ಆದರೆ ಇಟ್ಟಿಗೆ ಪುಡಿಯೊಡನೆ ಉಜ್ಜಿ ಎಣ್ಣೆ ಹೀರಿಸುವ ಶೋಧನಕ್ರಮವಿಲ್ಲದೆ ಅದನ್ನು ಔಷಧಕ್ಕೆ ತೆಗೆದುಕೊಳ್ಳಬಾರದೆಂದು ಅದೇ ಶಾಸ್ತ್ರ ಕಟ್ಟುನಿಟ್ಟಾಗಿ ಹೇಳುತ್ತದೆ. ಮನೆಮದ್ದಿನ ವೀಡಿಯೊ ನೋಡಿ ಕಾಯಿ ಒಡೆಯಲು ಹೊರಡುವವರು ಆ ಅರ್ಧವನ್ನೂ ಓದಿಕೊಂಡರೆ ಒಳ್ಳೆಯದು.

ಗೋಡಂಬಿಯ ಓಡಿನ ಎಣ್ಣೆಗೂ ಇದೇ ಗುಣವಿದೆ. ಮಂಗಳೂರು, ಕಾರ್ಕಳ, ಕುಂದಾಪುರ ಕಡೆಯ ಕಾರ್ಖಾನೆಗಳಲ್ಲಿ ಬೀಜ ಒಡೆಯುವ ಹೆಂಗಸರು ಕೈಗೆ ಬೂದಿಯನ್ನೋ ಎಣ್ಣೆಯನ್ನೋ ಹಚ್ಚಿಕೊಳ್ಳುತ್ತಿದ್ದುದು, ಹಚ್ಚಿಕೊಂಡರೂ ಬೆರಳುಗಳು ಕಪ್ಪಾಗಿ ಸಿಪ್ಪೆಯೇಳುತ್ತಿದ್ದುದು ಇದರಿಂದಲೇ. ಬೀಜವನ್ನು ಹುರಿದು ಅಥವಾ ಹಬೆಯಲ್ಲಿ ಬೇಯಿಸಿ ಒಡೆಯುವುದರಿಂದ ಅಂಗಡಿಗೆ ಬರುವ ತಿರುಳಿನಲ್ಲಿ ಆ ಎಣ್ಣೆ ಉಳಿದಿರುವುದಿಲ್ಲ. ತೆಗೆದ ಎಣ್ಣೆಯೂ ವ್ಯರ್ಥವಾಗುವುದಿಲ್ಲ. ಶಾಖಕ್ಕೆ ಕರಗದ ರಾಳವಾಗಿ ಮಾರ್ಪಟ್ಟು ವಾಹನಗಳ ಬ್ರೇಕ್ ಲೈನಿಂಗ್, ಬಣ್ಣ, ವಾರ್ನಿಷುಗಳಿಗೆ ಸೇರುತ್ತದೆ. ಬಿಎಂಟಿಸಿ ಬಸ್ಸಿನ ಬ್ರೇಕಿನಲ್ಲೂ ಪಾಯಸದಲ್ಲೂ ಒಂದೇ ಬೀಜದ ಎರಡು ಭಾಗಗಳು ಕೆಲಸ ಮಾಡುತ್ತಿರಬಹುದು. ಪುತ್ತೂರಿನಲ್ಲಿರುವ ಗೇರು ಸಂಶೋಧನಾ ನಿರ್ದೇಶನಾಲಯ 1986ರಿಂದ ತಳಿ, ಕಸಿ, ಕೀಟಬಾಧೆಗಳ ಬಗ್ಗೆ ಕೆಲಸ ಮಾಡುತ್ತಿರುವ ರಾಷ್ಟ್ರೀಯ ಸಂಸ್ಥೆ. ಅದರ ಕನ್ನಡ ನಾಮಫಲಕದ ಮೇಲೆ ಕರಿಗೇರಿನ ಹಳೆಯ ಹೆಸರು ಕುಳಿತಿದೆ ಎನ್ನಬಹುದು.

ಮೂರನೆಯದಾದ ಹೊಳಗೇರು ಪಶ್ಚಿಮಘಟ್ಟದ ಮಳೆಕಾಡಿನ ಎತ್ತರದ ಮರ. ಬ್ರಿಟಿಷ್ ವೈದ್ಯ ಫ್ರಾನ್ಸಿಸ್ ಬುಕನನ್ ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು, ಕೆನರಾ, ಮಲಬಾರುಗಳ ಪ್ರವಾಸಕ್ಕೆ ಹೊರಟು, ಕಂಡ ಗಿಡಮರಗಳನ್ನೆಲ್ಲ ಊರವರ ಬಾಯಿಂದ ಕೇಳಿದ ಹೆಸರಿನೊಡನೆ ಬರೆದಿಟ್ಟನು. ಈ ಮರದ ಕುಲಕ್ಕೆ ಶಾಸ್ತ್ರದಲ್ಲಿ ಉಳಿದ ಹೊಲಿಗಾರ್ನಾ ಎಂಬ ಹೆಸರು ಅವನಿಂದ ಬಂದದ್ದು, ಮತ್ತು ಅದು ಕನ್ನಡದ ಹೆಸರಿನ ಲ್ಯಾಟಿನ್ ವೇಷ. ಎಲೆಗಳು ಕೊಂಬೆಯ ತುದಿಯಲ್ಲಿ ಗೊಂಚಲಾಗಿ ಸುತ್ತಿಕೊಂಡಿರುವುದು, ಎಲೆಯ ತೊಟ್ಟಿನ ಎರಡು ಬದಿಗೆ ಮುಳ್ಳಿನಂಥ ಮೃದುವಾದ ಎರಡು ಚಾಚುಗಳಿರುವುದು, ತೊಗಟೆಯ ಗಾಯದಿಂದ ಇಳಿದ ರಸ ಗಾಳಿಗೆ ಕಪ್ಪಾಗಿ ಕಾಂಡದ ಮೇಲೆ ಇಂಕು ಚೆಲ್ಲಿದಂತೆ ಕಾಣುವುದು ಇದರ ಗುರುತು. ಮಲೆನಾಡಿನ ಕೂಲಿಗಳು, ಸೊಪ್ಪು ಕಡಿಯುವವರು ಈ ಕಪ್ಪು ಗೆರೆಯನ್ನು ಕಂಡರೆ ಮರವನ್ನು ಬಳಸಿ ಹೋಗುತ್ತಾರೆ. ನೆರೆಯ ಕೇರಳದಲ್ಲಿ ಚೇರು ತಾಗಿದವನು ತಾರೆ ಮರವನ್ನು ಸುತ್ತು ಬಂದು ಕ್ಷಮೆ ಕೇಳಿಕೊಂಡರೆ ಬೊಕ್ಕೆ ಇಳಿಯುತ್ತದೆ ಎಂಬ ನಂಬಿಕೆಯಿದೆ. ಏನೂ ಮಾಡದಿದ್ದರೂ ಎರಡು ಮೂರು ವಾರಗಳಲ್ಲಿ ಇಳಿಯುವ ಬೊಕ್ಕೆಯ ಯಶಸ್ಸು ಹೀಗೆ ತಾರೆ ಮರದ ಖಾತೆಗೆ ಜಮೆಯಾಗುತ್ತ ಬಂದಿದೆ.

ಗೇರಿನ ಈ ಕಾಡುಬಂಧುಗಳ ಪಟ್ಟಿ ಮುಗಿದಿಲ್ಲ ಎಂಬುದಕ್ಕೆ ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಕತ್ತಲೆಕಾನು ಸಾಕ್ಷಿ. ಹೆಸರೇ ಹೇಳುವಂತೆ ಬಿಸಿಲು ನೆಲ ಮುಟ್ಟದ ಆ ಕಾಡಿನಲ್ಲಿ ಕಾಡುಜಾಯಿಕಾಯಿ ಜಾತಿಯ ಮರಗಳು ಬೇರನ್ನು ಮೊಣಕಾಲಿನಂತೆ ಮಡಿಸಿ ನೀರಿನಿಂದ ಮೇಲೆತ್ತಿ ನಿಂತಿರುವ ಸಿಹಿನೀರಿನ ಜೌಗುಗಳಿವೆ. ಅಲ್ಲಿ ಬೆಳೆಯುತ್ತಿದ್ದ ಕರಿಗೇರಿನ ಕುಲದ ಮರವೊಂದು ಅದುವರೆಗೆ ಯಾರೂ ವರ್ಣಿಸದ ಪ್ರಭೇದವೆಂದು ದಾಸಪ್ಪ ಮತ್ತು ಎಂ. ಎಚ್. ಸ್ವಾಮಿನಾಥ್ 2000ದಲ್ಲಿ ತೋರಿಸಿಕೊಟ್ಟು, ಅದಕ್ಕೆ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು. ಗಂಡು ಹೂವು, ಹೆಣ್ಣು ಹೂವು ಬೇರೆಬೇರೆ ಮರಗಳಲ್ಲಿ ಬಿಡುವ ಈ ಪ್ರಭೇದ ಜಗತ್ತಿನಲ್ಲಿ ಉಳಿದಿರುವುದು ಬೆರಳೆಣಿಕೆಯ ಜೌಗುಗಳಲ್ಲಿ; ಅಡಿಕೆ ತೋಟಕ್ಕೂ ಗದ್ದೆಗೂ ಅನುಕೂಲವಾದ ನೀರಿನ ತಾಣಗಳೇ ಅವಾಗಿರುವುದು ಅದರ ದುರದೃಷ್ಟ.

ಇದೇ ಬಳಗದ ಪಿಸ್ತಾ, ಚಾರೋಲಿಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಒಂದು ಎಚ್ಚರಿಕೆಯ ಹೊರತು. ಗೋಡಂಬಿ ತಿಂದರೆ ಬಾಯಿ, ಗಂಟಲು ಊದಿಕೊಳ್ಳುವ ಅಲರ್ಜಿ ಇರುವವರಲ್ಲಿ ಹಲವರಿಗೆ ಪಿಸ್ತಾದಿಂದಲೂ ಹಾಗಾಗುತ್ತದೆ, ಏಕೆಂದರೆ ಎರಡರ ಬೀಜಪ್ರೋಟೀನುಗಳು ದಾಯಾದಿಗಳಂತೆ ಒಂದನ್ನೊಂದು ಹೋಲುತ್ತವೆ. ಇದು ಸೊನೆಯ ತುರಿಕೆಗಿಂತ ಬೇರೆಯಾದ, ಅದಕ್ಕಿಂತ ಅಪಾಯಕರವಾದ ತೊಂದರೆ. ಅಂಥವರು ಸುಮಾಕ್ ಪುಡಿಯನ್ನು ಮೊದಲ ಸಲ ಬಳಸುವಾಗಲೂ ಹಿಂದುಮುಂದು ನೋಡುವುದು ಮೇಲು. ಗ್ರಂಧಿಗೆ ಅಂಗಡಿಯ ಇನ್ನೊಂದು ಡಬ್ಬಿಯಲ್ಲಿ ಇದೇ ಬಳಗದ ವಿಚಿತ್ರ ವಸ್ತುವೊಂದಿದೆ: ಶಿಶುಗಳ ಕೆಮ್ಮಿಗೆ ಕೊಡುವ ಬಾಲಚತುರ್ಭದ್ರ ಚೂರ್ಣದ ನಾಲ್ಕು ದ್ರವ್ಯಗಳಲ್ಲಿ ಒಂದಾದ ಕರ್ಕಾಟಕಶೃಂಗಿ. ಏಡಿಯ ಕೊಂಬಿನಂತೆ ಬಾಗಿದ, ಒಳಗೆ ಟೊಳ್ಳಾದ ಈ ಕಂದು ತುಂಡು ಕಾಯಿಯೂ ಅಲ್ಲ, ಬೇರೂ ಅಲ್ಲ. ಹಿಮಾಲಯದ ತಪ್ಪಲಿನ ಪಿಸ್ತಾ ಜಾತಿಯ ಮರವೊಂದರ ಎಲೆಗೆ ಸಸ್ಯಹೇನು ಮುತ್ತಿದಾಗ ಮರ ಅದರ ಸುತ್ತ ಬೆಳೆಸುವ ಗಂಟು ಅದು. ಟೊಳ್ಳಿನಲ್ಲಿ ಒಂದು ಕಾಲಕ್ಕೆ ಹೇನುಗಳ ಸಂಸಾರವಿತ್ತು.

ಇಷ್ಟೆಲ್ಲ ನೆಂಟರ ನಡುವೆ ನಿಜವಾದ ಸುಮಾಕ್ ಕರ್ನಾಟಕದಲ್ಲಿ ಇದೆಯೇ ಎಂಬ ಪ್ರಶ್ನೆಗೆ ಉತ್ತರ ಸ್ವಲ್ಪ ವಕ್ರವಾಗಿದೆ. ಇತ್ತು, ಶಾಸ್ತ್ರಜ್ಞರು ಹೆಸರು ಬದಲಿಸುವವರೆಗೆ. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯ ಸಮೀಕ್ಷೆಯಲ್ಲಿ ಸಸ್ಯಶಾಸ್ತ್ರಜ್ಞನಾಗಿ ಕೆಲಸ ಮಾಡಿದ, ಲಾಲ್‌ಬಾಗನ್ನೂ ಕೆಲಕಾಲ ನೋಡಿಕೊಂಡ ಬೆಂಜಮಿನ್ ಹೈನೆ ಸಂಗ್ರಹಿಸಿದ ಗಿಡಗಳ ನಡುವೆ ಕುರುಚಲು ಕಾಡಿನ ಮುಳ್ಳುಪೊದೆಯೊಂದಿತ್ತು. 1830ರ ದಶಕದಲ್ಲಿ ಅದು ರುಸ್ ಮೈಸೂರೆನ್ಸಿಸ್, ಮೈಸೂರಿನ ಸುಮಾಕ್, ಎಂಬ ಹೆಸರಿನಲ್ಲಿ ಅಚ್ಚಾಯಿತು. ಆದರೆ ರುಸ್ ಕುಲದ ಕೆಂಪು ರೋಮ ಇದರ ಹಣ್ಣಿನಲ್ಲಿಲ್ಲ, ಇದರ ಹತ್ತಿರದ ಸಂಬಂಧಿಗಳಲ್ಲಿ ಹೆಚ್ಚಿನವು ಇರುವುದು ಆಫ್ರಿಕದಲ್ಲಿ. ಹೀಗಾಗಿ 2007ರಲ್ಲಿ ಅದನ್ನು ಅಮೆರಿಕದ ಪರಿಸರವಿಜ್ಞಾನಿ ಪಾಲ್ ಸಿಯರ್ಸ್ ಹೆಸರಿನ ಸಿಯರ್ಸಿಯಾ ಎಂಬ ಕುಲಕ್ಕೆ ದಾಟಿಸಲಾಯಿತು. ಕುಲ ಬದಲಾದರೂ ಪ್ರಭೇದದ ಹೆಸರು ಜೊತೆಗೇ ಸಾಗಬೇಕೆಂಬುದು ಸಸ್ಯನಾಮಕರಣದ ನಿಯಮವಾದ್ದರಿಂದ ಮೈಸೂರು ಅದಕ್ಕೆ ಅಂಟಿಕೊಂಡೇ ಇದೆ. ಚಿತ್ರದುರ್ಗ, ಬಳ್ಳಾರಿ ಕಡೆಯ ಒಣ ಗುಡ್ಡಗಳಲ್ಲಿ ಕಾರೆ, ಜಾಲಿ, ಬೋರೆಗಳ ನಡುವೆ ಬೆಳೆಯುವ ಈ ಪೊದೆಯ ಕಿರುಗೊಂಬೆಗಳು ತುದಿಯಲ್ಲಿ ಮುಳ್ಳಾಗಿ ಮುಗಿಯುತ್ತವೆ. ಎಲೆ ಬಿಲ್ವದಂತೆ ಮೂರು ಮೂರು, ನಡುವಿನದು ದೊಡ್ಡದು, ಅಂಚು ಕಚ್ಚುಕಚ್ಚು. ಬೆರಳಲ್ಲಿ ಹಿಸುಕಿದರೆ ರಾಳದ ವಾಸನೆ ಮೇಲೇಳುತ್ತದೆ. ಹಣ್ಣು ಸಾಸಿವೆಗಿಂತ ದೊಡ್ಡದು, ಮೆಣಸಿಗಿಂತ ಚಿಕ್ಕದು, ನುಣ್ಣಗೆ ಹೊಳೆಯುವಂಥದು. ಅಡುಗೆಗೆ ಯಾರೂ ಅದನ್ನು ಒಯ್ಯುವುದಿಲ್ಲ. ಹಕ್ಕಿಗಳು ತಿಂದು ಬೀಜವನ್ನು ಮುಂದಿನ ಬಂಡೆಯ ಬಿರುಕಿಗೆ ಸಾಗಿಸುತ್ತವೆ.